ಓಝೋನ್ ಮಾಲಿನ್ಯ ಮತ್ತು ಜೀವಕೋಶಗಳ ಉತ್ಕರ್ಷಣ ಒತ್ತಡ

ಓಝೋನ್‌ಜನ್ಯ ಉತ್ಕರ್ಷಣ ಒತ್ತಡವೆಂದರೆ ನೆಲಮಟ್ಟದ ಗಾಳಿಯಲ್ಲಿರುವ ಓಝೋನ್ ಅನಿಲ ಉಸಿರಿನೊಂದಿಗೆ ಒಳಸೇರಿ, ಶ್ವಾಸಮಾರ್ಗದ ಜೀವಕೋಶಗಳಲ್ಲಿ ಉತ್ಕರ್ಷಕ ವಸ್ತುಗಳ ಪ್ರಮಾಣ ಅವುಗಳನ್ನು ತಣಿಸುವ ವ್ಯವಸ್ಥೆಯ ಶಕ್ತಿಯನ್ನು ಮೀರಿದಾಗ ಉಂಟಾಗುವ ಸ್ಥಿತಿ. ಇದರಿಂದ ಕೋಶಪೊರೆಯ ಕೊಬ್ಬು, ಪ್ರೋಟೀನು ಮತ್ತು ಡಿಎನ್ಎ ಕೆಡುತ್ತವೆ. ಉರಿಯೂತ ಏಳುತ್ತದೆ, ಶ್ವಾಸಕೋಶದ ಸಾಮರ್ಥ್ಯ ಕುಗ್ಗುತ್ತದೆ. ಹಾನಿಯ ಬಹುಪಾಲು ಓಝೋನಿನ ನೇರ ಸ್ಪರ್ಶದಿಂದ ಆಗುವುದಲ್ಲ. ಶ್ವಾಸಮಾರ್ಗದ ಒಳಮೈಯನ್ನು ಸವರಿಕೊಂಡಿರುವ ತೆಳು ದ್ರವದಲ್ಲಿ ಓಝೋನ್ ವರ್ತಿಸಿದಾಗ ಹುಟ್ಟುವ ಉಪವಸ್ತುಗಳು ಹಾನಿಯನ್ನು ಜೀವಕೋಶದವರೆಗೆ ಒಯ್ಯುತ್ತವೆ. ಈ ಲೇಖನದಲ್ಲಿ ಆ ಪ್ರಕ್ರಿಯೆಯ ವಿವರಣೆಯಿದ್ದು, ನಗರದ ಉದಾಹರಣೆಯಾಗಿ ಹೈದರಾಬಾದಿನ ಹಿಮಾಯತ್‌ನಗರವನ್ನು ತೆಗೆದುಕೊಳ್ಳಲಾಗಿದೆ.

ಪರಿಭಾಷೆ

ವಸ್ತುವೊಂದು ಎಲೆಕ್ಟ್ರಾನ್ ಕಳೆದುಕೊಳ್ಳುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಎಲೆಕ್ಟ್ರಾನನ್ನು ಕಸಿಯುವ ವಸ್ತು ಉತ್ಕರ್ಷಕ. ಅದನ್ನು ತಣಿಸುವ ವಸ್ತು ಉತ್ಕರ್ಷಣರೋಧಕ; ಪತ್ರಿಕೆಗಳಲ್ಲಿ, ಔಷಧದಂಗಡಿಗಳಲ್ಲಿ ಇದಕ್ಕೆ ಆಂಟಿಆಕ್ಸಿಡೆಂಟ್ ಎಂಬ ಹೆಸರೇ ಬಳಕೆಯಲ್ಲಿದೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣು ಅಥವಾ ಅಣುಭಾಗ ಮುಕ್ತ ರ‍್ಯಾಡಿಕಲ್. ಓಝೋನ್ ಸ್ವತಃ ಮುಕ್ತ ರ‍್ಯಾಡಿಕಲ್ ಅಲ್ಲ, ಆದರೆ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ.

ಭೂಮಿಯ ಓಝೋನಿನ ಸುಮಾರು ಶೇ. 90 ಭಾಗ ಸಮೋಷ್ಣ ಮಂಡಲದಲ್ಲಿದ್ದು ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಉಳಿದದ್ದು ಜನ ಉಸಿರಾಡುವ ಪರಿವರ್ತನ ಮಂಡಲದಲ್ಲಿದೆ. ಎರಡೂ ಒಂದೇ ಅಣು. 1987ರ ಮಾಂಟ್ರಿಯಲ್ ಒಪ್ಪಂದ ರಕ್ಷಿಸಲು ಹೊರಟದ್ದು ಮೇಲಿನದನ್ನು. ಇಲ್ಲಿನ ವಿಷಯ ಕೆಳಗಿನದು. ‘ಓಝೋನ್ ರಕ್ಷಿಸಿ’ ಎಂಬ ಘೋಷಣೆಯನ್ನು ನೆಲಮಟ್ಟದ ಓಝೋನಿಗೆ ಅನ್ವಯಿಸಲಾಗದು.

ಸಾಂದ್ರತೆಯನ್ನು ಪಿಪಿಬಿ (ನೂರು ಕೋಟಿಯಲ್ಲಿ ಒಂದು ಭಾಗ) ಅಥವಾ ಘನ ಮೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಪಿಪಿಬಿ ಓಝೋನ್ ಘನ ಮೀಟರಿಗೆ ಸುಮಾರು 2 ಮೈಕ್ರೋಗ್ರಾಮಿಗೆ ಸಮ.

ಅಧ್ಯಯನದ ಹಿನ್ನೆಲೆ

ಜರ್ಮನ್ ಮೂಲದ ರಸಾಯನಶಾಸ್ತ್ರಜ್ಞ ಕ್ರಿಶ್ಚಿಯನ್ ಫ್ರೀಡ್ರಿಕ್ ಶೋನ್‌ಬೈನ್ 1839ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನೀರಿನ ವಿದ್ಯುದ್ವಿಭಜನೆ ನಡೆಸುವಾಗ ಬಂದ ವಿಶಿಷ್ಟ ವಾಸನೆಯಿಂದ ಓಝೋನನ್ನು ಗುರುತಿಸಿದ. ಅದು ಮೂರು ಆಕ್ಸಿಜನ್ ಪರಮಾಣುಗಳ ಅಣುವೆಂದು 1865ರಲ್ಲಿ ಜಾಕ್ ಲೂಯಿ ಸೊರೆ ನಿರ್ಧರಿಸಿದ.

ನಗರದ ಗಾಳಿಯಲ್ಲಿ ಓಝೋನ್ ಹುಟ್ಟುವ ಬಗೆ ತಿಳಿದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಲಾಸ್ ಏಂಜಲೀಸ್ ನಗರದಲ್ಲಿ ಕಣ್ಣುರಿಸುವ ಕಂದು ಮಬ್ಬು ಕವಿಯುತ್ತಿತ್ತು, ರಬ್ಬರ್ ಸಾಮಾನು ಬೇಗನೆ ಬಿರುಕು ಬಿಡುತ್ತಿತ್ತು. ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅನಾನಸ್ ಹಣ್ಣಿನ ಪರಿಮಳ ಕುರಿತು ಸಂಶೋಧಿಸುತ್ತಿದ್ದ ಡಚ್ ಮೂಲದ ಆರಿ ಹಾಗನ್-ಸ್ಮಿಟ್ ಈ ಮಬ್ಬನ್ನು ವಿಶ್ಲೇಷಿಸಿದರು. ವಾಹನ ಮತ್ತು ತೈಲ ಕಾರ್ಖಾನೆಗಳ ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಮತ್ತು ಬಿಸಿಲು ಸೇರಿದರೆ ಓಝೋನ್ ಉತ್ಪತ್ತಿಯಾಗುತ್ತದೆಂದು 1952ರಲ್ಲಿ ತೋರಿಸಿದರು. ರಬ್ಬರನ್ನು ಸೀಳುವುದು ಅದರ ಅಣುವಿನಲ್ಲಿರುವ ಇಂಗಾಲದ ದ್ವಿಬಂಧಗಳ ಮೇಲೆ ಓಝೋನಿನ ದಾಳಿ. ಶ್ವಾಸಕೋಶದ ಕೊಬ್ಬಿನಾಮ್ಲಗಳಲ್ಲಿ ಇರುವುದೂ ಇದೇ ಬಗೆಯ ದ್ವಿಬಂಧ.

ಜೀವಶಾಸ್ತ್ರದ ಕಡೆಯ ಅಡಿಪಾಯ ಬೇರೆಯೇ ಆಗಿ ಬೆಳೆಯಿತು. 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಉತ್ಕರ್ಷಕ ರ‍್ಯಾಡಿಕಲ್ ಒಂದನ್ನು ತಣಿಸುವ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವದ ಕೆಲಸವನ್ನು ಕಂಡುಹಿಡಿದರು. ‘ಉತ್ಕರ್ಷಣ ಒತ್ತಡ’ವೆಂಬ ಪರಿಕಲ್ಪನೆಗೆ 1985ರಲ್ಲಿ ಹೆಲ್ಮುಟ್ ಸೀಸ್ ಖಚಿತ ರೂಪ ಕೊಟ್ಟರು.

ಭಾರತದಲ್ಲಿ ಓಝೋನ್ ಮಾಪನದ ಪರಂಪರೆ ಹಳೆಯದು. ಅದಕ್ಕೆ ತಳಪಾಯ ಹಾಕಿದವರಲ್ಲಿ ಕೆ. ಆರ್. ರಾಮನಾಥನ್ ಮತ್ತು ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ್ದ ಅಣ್ಣಾ ಮಣಿ ಮುಖ್ಯರು. ಹವಾಮಾನ ಇಲಾಖೆಯಲ್ಲಿದ್ದಾಗ ಅಣ್ಣಾ ಮಣಿ ಬಲೂನಿನಲ್ಲಿ ಹಾರಿಬಿಡುವ ದೇಶೀಯ ಓಝೋನ್ ಮಾಪಕವನ್ನು ಅಭಿವೃದ್ಧಿಪಡಿಸಿದರು. ಅಂದಿನ ಆಸಕ್ತಿ ಬಹುತೇಕ ಮೇಲಿನ ಪದರದತ್ತಲೇ ಇತ್ತು.

ಅಣುವಿನ ರಚನೆ ಮತ್ತು ಗುಣ

ಓಝೋನ್ ಅಣು ನೇರವಾಗಿಲ್ಲ, ಸುಮಾರು 117 ಡಿಗ್ರಿ ಕೋನದಲ್ಲಿ ಬಾಗಿದೆ. ಅದರ ಬಂಧಗಳು ಆಕ್ಸಿಜನ್ ಅಣುವಿನ ಬಂಧಕ್ಕಿಂತ ದುರ್ಬಲವಾಗಿರುವುದರಿಂದ ಅಣು ಅಸ್ಥಿರ. ಅದರ ಉತ್ಕರ್ಷಣ ವಿಭವ 2.07 ವೋಲ್ಟ್. ಫ್ಲೋರಿನ್ ಮತ್ತು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಂಥ ಕೆಲವೇ ವಸ್ತುಗಳು ಇದಕ್ಕಿಂತ ಬಲವಾದ ಉತ್ಕರ್ಷಕಗಳು. ನೀರಿನಲ್ಲಿ ಇದು ಕಡಿಮೆ ಕರಗುತ್ತದೆ. ನೀರಿನಲ್ಲಿ ಚೆನ್ನಾಗಿ ಕರಗುವ ಸಲ್ಫರ್ ಡೈಆಕ್ಸೈಡ್ ಮೂಗು ಗಂಟಲುಗಳಲ್ಲೇ ಬಹುಪಾಲು ಹೀರಿಹೋಗುತ್ತದೆ. ಓಝೋನಿನ ಒಂದು ಭಾಗವೂ ಅಲ್ಲಿ ನಿಲ್ಲುತ್ತದಾದರೂ ಉಳಿದದ್ದು ಕಿರುಶ್ವಾಸನಾಳಗಳ ತುದಿಯವರೆಗೆ ಇಳಿಯುತ್ತದೆ.

ನೆಲಮಟ್ಟದಲ್ಲಿ ಉತ್ಪತ್ತಿ

ಯಾವ ವಾಹನದ ಹೊಗೆಕೊಳವೆಯೂ, ಯಾವ ಚಿಮಣಿಯೂ ಹೇಳಿಕೊಳ್ಳುವಷ್ಟು ಓಝೋನನ್ನು ನೇರವಾಗಿ ಉಗುಳುವುದಿಲ್ಲ. ಆದ್ದರಿಂದ ಇದು ದ್ವಿತೀಯಕ ಮಾಲಿನ್ಯಕಾರಕ. ಎಂಜಿನ್ನಿನ ಬಿಸಿಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಬಿಸಿಲು ಅದನ್ನು ಒಡೆದಾಗ ಒಂದು ಆಕ್ಸಿಜನ್ ಪರಮಾಣು ಬಿಡುಗಡೆಯಾಗಿ, ಗಾಳಿಯ ಆಕ್ಸಿಜನ್ ಅಣುವಿನೊಂದಿಗೆ ಕೂಡಿ ಓಝೋನ್ ಆಗುತ್ತದೆ. ಹುಟ್ಟಿದ ಓಝೋನನ್ನು ನೈಟ್ರಿಕ್ ಆಕ್ಸೈಡ್ ತಕ್ಷಣ ತಿನ್ನುತ್ತದೆ. ಇಷ್ಟೇ ಆಗಿದ್ದರೆ ಓಝೋನ್ ಕೂಡಿಕೊಳ್ಳುತ್ತಲೇ ಇರಲಿಲ್ಲ.

ಸಮತೋಲ ಕೆಡಿಸುವುದು ಆವಿಶೀಲ ಕಾರ್ಬನಿಕ ಸಂಯುಕ್ತಗಳು: ಪೆಟ್ರೋಲಿನ ಆವಿ, ಬಣ್ಣ ಮತ್ತು ಥಿನ್ನರಿನ ಟಾಲ್ಯೂಯಿನ್, ಝೈಲೀನ್, ಅಪೂರ್ಣವಾಗಿ ಉರಿದ ಇಂಧನ, ನೀಲಗಿರಿಯಂಥ ಮರಗಳು ಬಿಡುವ ಐಸೋಪ್ರೀನ್. ಇವು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನೊಂದಿಗೆ ವರ್ತಿಸಿ ಪೆರಾಕ್ಸಿ ರ‍್ಯಾಡಿಕಲ್‌ಗಳಾಗುತ್ತವೆ. ಓಝೋನನ್ನು ತಿನ್ನಬೇಕಿದ್ದ ನೈಟ್ರಿಕ್ ಆಕ್ಸೈಡನ್ನು ಪೆರಾಕ್ಸಿ ರ‍್ಯಾಡಿಕಲ್‌ಗಳು ತಾವೇ ಮುಗಿಸಿ ಮತ್ತೆ ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತವೆ. ತಿನ್ನುವವನಿಲ್ಲದೆ ಓಝೋನ್ ಬೆಳೆಯುತ್ತದೆ.

ಇದರ ಪರಿಣಾಮ ವಿಚಿತ್ರವಾಗಿದೆ. ವಾಹನ ಕಿಕ್ಕಿರಿದ ರಸ್ತೆಯಲ್ಲಿ ನೈಟ್ರಿಕ್ ಆಕ್ಸೈಡ್ ಧಾರಾಳವಾಗಿರುವುದರಿಂದ ಓಝೋನ್ ಕಡಿಮೆ ಕಾಣಬಹುದು. ಗಾಳಿ ಬೀಸುವ ದಿಕ್ಕಿನಲ್ಲಿರುವ ಹೊರವಲಯದ ಹಸಿರು ಬಡಾವಣೆಯಲ್ಲಿ ಹೆಚ್ಚು ಕಾಣಬಹುದು. ನೈಟ್ರೋಜನ್ ಆಕ್ಸೈಡ್‌ಗಳನ್ನು ಮಾತ್ರ ಅಷ್ಟಿಷ್ಟು ಕಡಿಮೆ ಮಾಡಿದರೆ ನಗರದ ನಡುವೆ ಓಝೋನ್ ಏರುವುದೂ ಉಂಟು. 2020ರ ಲಾಕ್‌ಡೌನ್ ಕಾಲದಲ್ಲಿ ವಾಹನಗಳು ನಿಂತರೂ ಪ್ರಪಂಚದ ಅನೇಕ ನಗರಗಳಲ್ಲಿ ಓಝೋನ್ ಇಳಿಯದೆ ಉಳಿದದ್ದಕ್ಕೆ, ಕೆಲವೆಡೆ ಏರಿದ್ದಕ್ಕೆ ಇದು ಮುಖ್ಯ ಕಾರಣ.

ಹಿಮಾಯತ್‌ನಗರದ ಪರಿಸ್ಥಿತಿ

ಹಿಮಾಯತ್‌ನಗರ ಹೈದರಾಬಾದಿನ ನಡುಭಾಗದಲ್ಲಿ, ಹುಸೇನ್ ಸಾಗರದ ಆಗ್ನೇಯಕ್ಕೆ, ಲಿಬರ್ಟಿ ವೃತ್ತ ಮತ್ತು ನಾರಾಯಣಗುಡದ ನಡುವೆ ಇರುವ ವಸತಿ ಮತ್ತು ವ್ಯಾಪಾರದ ಬಡಾವಣೆ. ಬಶೀರ್‌ಬಾಗ್, ಹೈದರ್‌ಗುಡ, ಕಿಂಗ್ ಕೋಠಿ ಇದಕ್ಕೆ ಅಂಟಿಕೊಂಡಿವೆ. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇರುವುದರಿಂದ ಕನ್ನಡಿಗರಿಗೆ ಪರಿಚಿತವಾದ ಕಾಚಿಗುಡ ಇಲ್ಲಿಂದ ದೂರವಿಲ್ಲ. ಅಂಗಡಿ, ಹೋಟೆಲು, ಕೋಚಿಂಗ್ ಕೇಂದ್ರ, ಆಸ್ಪತ್ರೆಗಳ ಸಾಲಿನ ನಡುವೆ ಹಾದುಹೋಗುವ ಮುಖ್ಯರಸ್ತೆಯಲ್ಲಿ ದ್ವಿಚಕ್ರ ವಾಹನ, ಆಟೊ, ಬಸ್ಸುಗಳ ದಟ್ಟಣೆ ದಿನವಿಡೀ ಇರುತ್ತದೆ.

ಓಝೋನ್ ಉತ್ಪತ್ತಿಗೆ ಬೇಕಾದ ಮೂರೂ ಈ ನಗರದಲ್ಲಿವೆ. ಸುಮಾರು 17.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 500 ಮೀಟರಿಗಿಂತ ಎತ್ತರದ ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಹೈದರಾಬಾದಿನಲ್ಲಿ ಏಪ್ರಿಲ್–ಮೇ ತಿಂಗಳ ಹಗಲಿನ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ, ಬಿಸಿಲು ಪ್ರಖರ. ನೈಟ್ರೋಜನ್ ಆಕ್ಸೈಡ್‌ಗಳನ್ನು ವಾಹನಗಳೂ ಡೀಸೆಲ್ ಜನರೇಟರುಗಳೂ ಕೊಡುತ್ತವೆ. ಆವಿಶೀಲ ಸಂಯುಕ್ತಗಳು ಪೆಟ್ರೋಲ್ ಬಂಕು ಮತ್ತು ವಾಹನಗಳಿಂದ ಬರುವುದಲ್ಲದೆ, ನಗರದ ವಾಯವ್ಯ ಅಂಚಿನ ಪಟಾನ್‌ಚೆರು, ಬೊಲ್ಲಾರಂ, ಪಾಶಮೈಲಾರಂ ಕೈಗಾರಿಕಾ ಪ್ರದೇಶಗಳ ಔಷಧ ಕಾರ್ಖಾನೆಗಳು ಬಳಸುವ ದ್ರಾವಕಗಳಿಂದಲೂ ಬರುತ್ತವೆ.

ದಖ್ಖನ್ನಿನ ಒಳನಾಡಿನಲ್ಲಿ ಓಝೋನ್ ಸಾಮಾನ್ಯವಾಗಿ ಮಾರ್ಚ್‌ನಿಂದ ಮೇ ತನಕ ಹೆಚ್ಚು. ಜುಲೈ–ಆಗಸ್ಟಿನಲ್ಲಿ ಮೋಡ ಬಿಸಿಲನ್ನು ತಡೆಯುವುದರಿಂದಲೂ ಮಳೆ ಗಾಳಿಯನ್ನು ತೊಳೆಯುವುದರಿಂದಲೂ ಕಡಿಮೆ. ದಿನದೊಳಗೂ ಏರಿಳಿತ ಸ್ಪಷ್ಟ. ಸೂರ್ಯೋದಯದ ಹೊತ್ತಿಗೆ ಅತಿ ಕಡಿಮೆ; ಬೆಳಗಿನ ವಾಹನ ಸಂಚಾರದ ಹೊಗೆ ಬಿಸಿಲಿನಲ್ಲಿ ಪಕ್ವವಾಗಿ ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆಯ ನಡುವೆ ಅತಿ ಹೆಚ್ಚು; ಸಂಜೆ ಮತ್ತೆ ಇಳಿತ. ಶಾಲೆ ಬಿಡುವ ಹೊತ್ತು, ಡೆಲಿವರಿ ಹುಡುಗರು ಮತ್ತು ಸಂಚಾರಿ ಪೊಲೀಸರು ರಸ್ತೆಯಲ್ಲಿರುವ ಹೊತ್ತು ಏರಿಕೆಯ ಅವಧಿಯೊಳಗೇ ಬರುತ್ತವೆ.

ನಗರದಲ್ಲಿ ಸನತ್‌ನಗರ, ಝೂ ಪಾರ್ಕ್, ಸೋಮಾಜಿಗುಡ, ನ್ಯೂ ಮಲಕ್‌ಪೇಟೆ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಮೊದಲಾದೆಡೆ ನಿರಂತರ ಮಾಪನ ಕೇಂದ್ರಗಳಿವೆ. ಹಿಮಾಯತ್‌ನಗರದ ಗಾಳಿಯನ್ನು ಅಂದಾಜು ಮಾಡುವವರು ಒಂದು ಕೇಂದ್ರದ ಅಂಕಿಯನ್ನು ನೆಚ್ಚಬಾರದು. ರಸ್ತೆಯಂಚಿನಲ್ಲಿ ಒಂದು ಮಟ್ಟ, ಐದನೆಯ ಮಹಡಿಯ ತಾರಸಿಯಲ್ಲಿ ಇನ್ನೊಂದು, ಗಚ್ಚಿಬೌಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ ಮತ್ತೊಂದು ಇರಬಲ್ಲದು. ರಸ್ತೆಯಲ್ಲಿ ಓಝೋನ್ ಕಡಿಮೆಯೆಂದರೆ ಗಾಳಿ ಶುದ್ಧವೆಂದಲ್ಲ. ಓಝೋನ್ ಅಲ್ಲಿ ನೈಟ್ರೋಜನ್ ಡೈಆಕ್ಸೈಡ್ ಆಗಿ ರೂಪ ಬದಲಿಸಿರುತ್ತದೆ. ಅದೂ ಒಂದು ಉತ್ಕರ್ಷಕವೇ.

ಶ್ವಾಸಮಾರ್ಗದ ದ್ರವಪದರ

ಮೂಗಿನಿಂದ ವಾಯುಕೋಶಗಳವರೆಗೆ ಶ್ವಾಸಮಾರ್ಗದ ಜೀವಕೋಶಗಳ ಮೇಲೆ ತೆಳುವಾದ ದ್ರವಪದರ ಹರಡಿದೆ. ದೊಡ್ಡ ನಾಳಗಳಲ್ಲಿ ಅದರ ದಪ್ಪ ಸುಮಾರು 10 ಮೈಕ್ರೋಮೀಟರ್. ವಾಯುಕೋಶಗಳಲ್ಲಿ 0.2 ಮೈಕ್ರೋಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಇದರಲ್ಲಿ ಉತ್ಕರ್ಷಣರೋಧಕಗಳಾದ ವಿಟಮಿನ್ ಸಿ (ಆಸ್ಕಾರ್ಬಿಕ್ ಆಮ್ಲ), ಯೂರಿಕ್ ಆಮ್ಲ, ಗ್ಲುಟಾಥಯೋನ್ ಮತ್ತು ಅಲ್ಪ ಪ್ರಮಾಣದ ವಿಟಮಿನ್ ಇ ಇವೆ. ಗ್ಲುಟಾಥಯೋನ್ ರಕ್ತದ ಪ್ಲಾಸ್ಮಾದಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಸಾಂದ್ರವಾಗಿ ಇಲ್ಲಿದೆಯೆಂದು 1987ರಲ್ಲಿ ಪ್ರಕಟವಾದ ಅಳತೆ ತೋರಿಸಿತು.

ಒಳಬಂದ ಓಝೋನ್ ಮೊದಲು ಎದುರಾಗುವುದು ಈ ವಸ್ತುಗಳಿಗೆ. ಅವು ತಾವೇ ಉತ್ಕರ್ಷಣಗೊಂಡು ಓಝೋನನ್ನು ಮುಗಿಸುತ್ತವೆ. ಪ್ರತಿಕ್ರಿಯೆ ಎಷ್ಟು ವೇಗವೆಂದರೆ, ಓಝೋನ್ ಯಥಾರೂಪದಲ್ಲಿ 0.1 ಮೈಕ್ರೋಮೀಟರಿಗಿಂತ ಹೆಚ್ಚು ದಪ್ಪದ ದ್ರವವನ್ನು ದಾಟಿ ಜೀವಕೋಶವನ್ನು ಮುಟ್ಟುವುದು ಕಷ್ಟವೆಂದು ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಪ್ರೈಯರ್ 1992ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಾಗಾದರೆ ಜೀವಕೋಶದಲ್ಲಿ ಹಾನಿ ಏಕೆ? ಪ್ರೈಯರ್ ಕೊಟ್ಟ ವಿವರಣೆ ಇಂದಿಗೂ ಈ ಕ್ಷೇತ್ರದ ಆಧಾರ: ಓಝೋನ್ ದ್ರವದಲ್ಲೇ ಸಾಯುತ್ತದೆ, ಆದರೆ ಅದು ಹುಟ್ಟಿಸಿದ ಉಪವಸ್ತುಗಳು ಹೆಚ್ಚು ಕಾಲ ಬಾಳಿ ಒಳಗೆ ಇಳಿಯುತ್ತವೆ. ದ್ರವದಲ್ಲಿ ಪ್ರೋಟೀನುಗಳ ಜೊತೆಗೆ ಶ್ವಾಸಕೋಶ ಕುಸಿಯದಂತೆ ಕಾಯುವ ಸರ್ಫ್ಯಾಕ್ಟಂಟಿನ ಫಾಸ್ಫೋಲಿಪಿಡ್‌ಗಳೂ ಕೊಲೆಸ್ಟೆರಾಲ್ ಕೂಡ ಇವೆ. ಉತ್ಕರ್ಷಣರೋಧಕಗಳು ಸಾಲದಾದಾಗ ದಾಳಿ ಇವುಗಳತ್ತ ತಿರುಗುತ್ತದೆ. ರೋಧಕಗಳೊಂದಿಗಿನ ಪ್ರತಿಕ್ರಿಯೆಯೂ ಪೂರ್ತಿ ನಿರುಪದ್ರವಿಯಲ್ಲ; ಪ್ರಯೋಗನಾಳಿಕೆಯಲ್ಲಿ ಆಸ್ಕಾರ್ಬಿಕ್ ಆಮ್ಲ ಮತ್ತು ಓಝೋನ್ ಕೂಡಿದಾಗ ಸಿಂಗ್ಲೆಟ್ ಆಕ್ಸಿಜನ್ ಎಂಬ ಮತ್ತೊಂದು ಉತ್ಕರ್ಷಕ ಬಿಡುಗಡೆಯಾಗುವುದು ಕಂಡುಬಂದಿದೆ.

ದ್ರವಪದರ ತೆಳುವಾಗಿದ್ದು ಓಝೋನ್ ಇನ್ನೂ ಉಳಿದಿರುವ ತಾಣ ಕಿರುಶ್ವಾಸನಾಳಗಳು ವಾಯುಕೋಶಗಳನ್ನು ಸೇರುವ ಸಂಧಿ. ಪ್ರಾಣಿಗಳ ಶ್ವಾಸಕೋಶ ಸೀಳಿ ನೋಡಿದಾಗ ಅತಿ ಹೆಚ್ಚು ಗಾಯ ಸಿಗುವುದೂ ಇಲ್ಲೇ.

ಜೀವಕೋಶದೊಳಗಿನ ಹಾನಿ

ಕೋಶಪೊರೆ ಮತ್ತು ಸರ್ಫ್ಯಾಕ್ಟಂಟಿನ ಅಸಂತೃಪ್ತ ಕೊಬ್ಬಿನಾಮ್ಲಗಳಲ್ಲಿ ದ್ವಿಬಂಧಗಳಿವೆ. ಓಝೋನ್ ದ್ವಿಬಂಧಕ್ಕೆ ಅಡ್ಡಲಾಗಿ ಕೂತು, ಜರ್ಮನ್ ವಿಜ್ಞಾನಿ ರುಡಾಲ್ಫ್ ಕ್ರೀಗಿ ವಿವರಿಸಿದ ಹಾದಿಯಲ್ಲಿ ಅಣುವನ್ನು ಎರಡಾಗಿ ಕತ್ತರಿಸುತ್ತದೆ. ನೀರಿನ ಸಮ್ಮುಖದಲ್ಲಿ ಸಿಗುವ ತುಂಡುಗಳು ಆಲ್ಡಿಹೈಡ್ ಮತ್ತು ಹೈಡ್ರಾಕ್ಸಿ ಹೈಡ್ರೋಪೆರಾಕ್ಸೈಡ್. ಎರಡನೆಯದು ಒಡೆದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಇನ್ನೊಂದು ಆಲ್ಡಿಹೈಡ್ ಕೊಡುತ್ತದೆ. ಓಲಿಯಿಕ್ ಆಮ್ಲದಿಂದ ನಾನನಾಲ್, ಲಿನೋಲಿಯಿಕ್ ಮತ್ತು ಅರಾಕಿಡೋನಿಕ್ ಆಮ್ಲಗಳಿಂದ ಹೆಕ್ಸನಾಲ್ ಬರುತ್ತವೆ. ಕೊಲೆಸ್ಟೆರಾಲ್ ಕೂಡ ಒಡೆದು ಕೋಶವಿಷಕಾರಿ ಸೆಕೋಸ್ಟೆರಾಲ್‌ಗಳಾಗುತ್ತದೆ.

ಇದರೊಂದಿಗೆ ಎರಡನೆಯ ಹಾದಿಯೂ ತೆರೆಯುತ್ತದೆ. ಒಂದು ರ‍್ಯಾಡಿಕಲ್ ಪಕ್ಕದ ಕೊಬ್ಬಿನಾಮ್ಲದಿಂದ ಹೈಡ್ರೋಜನ್ ಕಸಿಯುತ್ತದೆ. ಕಳೆದುಕೊಂಡ ಅಣು ಆಕ್ಸಿಜನ್ ಹಿಡಿದು ತಾನೇ ಪೆರಾಕ್ಸಿಲ್ ರ‍್ಯಾಡಿಕಲ್ ಆಗಿ ಮತ್ತೊಂದರ ಮೇಲೆ ಬೀಳುತ್ತದೆ. ವಿಟಮಿನ್ ಇ ನಡುವೆ ಬಂದು ಕತ್ತರಿಸುವವರೆಗೆ ಈ ಸರಪಳಿ ಸಾಗುತ್ತದೆ. ಕೊಬ್ಬಿನ ಪೆರಾಕ್ಸೀಕರಣವೆಂದು ಕರೆಯಲಾಗುವ ಇದರಿಂದ ಮ್ಯಾಲನ್‌ಡೈಆಲ್ಡಿಹೈಡ್ ಮತ್ತು 4-ಹೈಡ್ರಾಕ್ಸಿನಾನಿನಾಲ್ ಉಂಟಾಗುತ್ತವೆ. 4-ಹೈಡ್ರಾಕ್ಸಿನಾನಿನಾಲ್ ಪ್ರೋಟೀನುಗಳ ಸಿಸ್ಟೀನ್, ಹಿಸ್ಟಿಡಿನ್, ಲೈಸಿನ್ ಭಾಗಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ಇದೊಂದು ಸಂದೇಶವಾಹಕವೂ ಹೌದು: ಕಡಿಮೆ ಪ್ರಮಾಣದಲ್ಲಿ ರಕ್ಷಣಾ ಜೀನುಗಳನ್ನು ಎಚ್ಚರಿಸುತ್ತದೆ, ಹೆಚ್ಚಾದರೆ ಜೀವಕೋಶವನ್ನು ಸಾವಿನತ್ತ ದೂಡುತ್ತದೆ.

ಪ್ರೋಟೀನುಗಳಲ್ಲಿ ಸಿಸ್ಟೀನ್, ಮಿಥಿಯೋನಿನ್, ಟ್ರಿಪ್ಟೋಫ್ಯಾನ್, ಟೈರೋಸಿನ್ ಅಮೈನೋ ಆಮ್ಲಗಳು ಓಝೋನಿಗೆ ಬೇಗ ಬಲಿಯಾಗುತ್ತವೆ. ರೋಗಾಣುಗಳನ್ನು ಗುರುತಿಸಿ ಭಕ್ಷಕಕೋಶಗಳಿಗೆ ಒಪ್ಪಿಸುವ ಸರ್ಫ್ಯಾಕ್ಟಂಟ್ ಪ್ರೋಟೀನ್-ಎ ಉತ್ಕರ್ಷಣಗೊಂಡರೆ ಆ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಭಕ್ಷಕಕೋಶಗಳ ನುಂಗುವ ಶಕ್ತಿಯೂ ತಗ್ಗುತ್ತದೆ. ಓಝೋನ್ ಉಸಿರಾಡಿದ ಇಲಿಗಳು ಬ್ಯಾಕ್ಟೀರಿಯಾ ಸೋಂಕಿಗೆ ಸುಲಭವಾಗಿ ತುತ್ತಾಗುವುದಕ್ಕೆ ಇದು ಒಂದು ಕಾರಣ.

ಮೈಟೊಕಾಂಡ್ರಿಯ ಪೆಟ್ಟು ತಿಂದಾಗ ಅವುಗಳ ಎಲೆಕ್ಟ್ರಾನ್ ಸಾಗಣೆಯ ಸರಣಿಯಿಂದ ಸೂಪರ್‌ಆಕ್ಸೈಡ್ ಸೋರುತ್ತದೆ. ಹೀಗೆ ಹೊರಗಿನಿಂದ ಬಂದ ಒತ್ತಡಕ್ಕೆ ಒಳಗಿನ ಉತ್ಪಾದನೆ ಸೇರಿಕೊಳ್ಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಕಬ್ಬಿಣದ ಅಯಾನಿನೊಂದಿಗೆ ವರ್ತಿಸಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ; ಅದು ಡಿಎನ್ಎಯ ಗ್ವಾನಿನನ್ನು 8-ಆಕ್ಸೋಗ್ವಾನಿನ್ ಆಗಿ ಮಾರ್ಪಡಿಸುತ್ತದೆ. ಜೀವಕೋಶ ಇದನ್ನು ಬಹುಮಟ್ಟಿಗೆ ದುರಸ್ತಿ ಮಾಡಿಕೊಳ್ಳುತ್ತದೆ. ಓಝೋನ್ ಮತ್ತು ಕ್ಯಾನ್ಸರಿನ ನಡುವಿನ ನಂಟಿಗೆ ಇರುವ ಪುರಾವೆ ಉಸಿರಾಟದ ತೊಂದರೆಗಳಿಗೆ ಇರುವಷ್ಟು ಗಟ್ಟಿಯಲ್ಲ.

ಎಲ್ಲ ಜೀವಕೋಶಗಳೂ ಸಮಾನವಾಗಿ ನರಳುವುದಿಲ್ಲ. ಕಫವನ್ನು ಮೇಲಕ್ಕೆ ತಳ್ಳುವ ಲೋಮಕೋಶಗಳು ಮತ್ತು ವಾಯುಕೋಶವನ್ನು ಹೊದ್ದಿರುವ ತೆಳ್ಳನೆಯ ಒಂದನೇ ಬಗೆಯ ಕೋಶಗಳು ಮೊದಲು ಸಾಯುತ್ತವೆ. ಎರಡನೇ ಬಗೆಯ ಕೋಶಗಳು ವಿಭಜಿಸಿ ಖಾಲಿಯಾದ ಜಾಗವನ್ನು ತುಂಬುತ್ತವೆ. ಕೋಶಗಳ ನಡುವಿನ ಬಿಗಿ ಜೋಡಣೆ ಸಡಿಲವಾಗುವುದರಿಂದ ಪರಾಗ, ಧೂಳಿನ ಅಲರ್ಜಿಕಾರಕಗಳು ಒಳಗೆ ನುಸುಳುವುದು ಸುಲಭವಾಗುತ್ತದೆ.

ಜೀವಕೋಶದ ರಕ್ಷಣೆ

ಜೀವಕೋಶದ ಮುಖ್ಯ ಕಾವಲು ಎನ್‌ಆರ್‌ಎಫ್2 ಎಂಬ ಪ್ರೋಟೀನ್. ಸಾಮಾನ್ಯ ಸ್ಥಿತಿಯಲ್ಲಿ ಕೀಪ್1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ನಾಶಕ್ಕೆ ಕಳುಹಿಸುತ್ತಿರುತ್ತದೆ. ಆಲ್ಡಿಹೈಡ್ ಅಥವಾ ಪೆರಾಕ್ಸೈಡ್ ಬಂದು ಕೀಪ್1ರ ಸಿಸ್ಟೀನ್ ಭಾಗಗಳನ್ನು ಮಾರ್ಪಡಿಸಿದಾಗ ಹಿಡಿತ ತಪ್ಪಿ, ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ಗ್ಲುಟಾಥಯೋನ್ ತಯಾರಿಸುವ ಕಿಣ್ವ, ಹೀಮ್ ಆಕ್ಸಿಜನೇಸ್-1 ಮೊದಲಾದವುಗಳ ಜೀನುಗಳನ್ನು ಚಾಲೂ ಮಾಡುತ್ತದೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಅದನ್ನು ಕೆಟಲೇಸ್ ಮತ್ತು ಸೆಲೆನಿಯಂ ಇರುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ನೀರಾಗಿಸುತ್ತವೆ. ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಕಿಣ್ವಗಳು ಆಲ್ಡಿಹೈಡ್‌ಗಳಿಗೆ ಗ್ಲುಟಾಥಯೋನ್ ಜೋಡಿಸಿ ಸಾಗಹಾಕುತ್ತವೆ. ಈ ಗುಂಪಿನ ಜಿಎಸ್‌ಟಿಎಂ1 ಜೀನು ಜಗತ್ತಿನ ಅನೇಕ ಜನರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ.

ಉರಿಯೂತ ಮತ್ತು ನರಗಳ ಪ್ರತಿಕ್ರಿಯೆ

ಉತ್ಕರ್ಷಣ ಉತ್ಪನ್ನಗಳು ಎನ್‌ಎಫ್-ಕಪ್ಪಾಬಿ ಎಂಬ ಸಂಕೇತ ಮಾರ್ಗವನ್ನು ಎಬ್ಬಿಸುತ್ತವೆ. ಹೊರಪದರದ ಕೋಶಗಳು ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಸ್ರವಿಸುತ್ತವೆ. ಕರೆಗೆ ಓಗೊಟ್ಟು ರಕ್ತದಿಂದ ನ್ಯೂಟ್ರೋಫಿಲ್ ಬಿಳಿಕಣಗಳು ಬರುತ್ತವೆ. ರೋಗಾಣುಗಳನ್ನು ಕೊಲ್ಲಲು ಅವು ಬಳಸುವ ಅಸ್ತ್ರವೂ ಸೂಪರ್‌ಆಕ್ಸೈಡ್ ಮತ್ತು ಹೈಪೋಕ್ಲೋರಸ್ ಆಮ್ಲ. ಆದ್ದರಿಂದ ಮಧ್ಯಾಹ್ನದ ಓಝೋನ್ ಗಾಳಿಯಲ್ಲಿ ಇಳಿದ ಮೇಲೂ ಶ್ವಾಸಕೋಶದಲ್ಲಿ ಉತ್ಕರ್ಷಣ ಮುಂದುವರಿಯುತ್ತದೆ. ಆರೋಗ್ಯವಂತ ಸ್ವಯಂಸೇವಕರು 400 ಪಿಪಿಬಿ ಓಝೋನಿನಲ್ಲಿ ಎರಡು ಗಂಟೆ ಇದ್ದು, 18 ಗಂಟೆಗಳ ಅನಂತರ ಅವರ ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ ನ್ಯೂಟ್ರೋಫಿಲ್‌ಗಳು ಎಂಟು ಪಟ್ಟು ಹೆಚ್ಚಿದ್ದುದನ್ನು 1989ರ ಅಮೆರಿಕದ ಅಧ್ಯಯನ ವರದಿ ಮಾಡಿತು. 80 ಮತ್ತು 100 ಪಿಪಿಬಿಯಲ್ಲಿ 6.6 ಗಂಟೆಗಳ ಪ್ರಯೋಗದಲ್ಲೂ ಉರಿಯೂತ ಕಂಡುಬಂತು. ನಗರದ ಬೇಸಿಗೆಯ ಗಾಳಿಯಲ್ಲಿ ತಲುಪಬಲ್ಲ ಮಟ್ಟಗಳಿವು.

ಎದೆ ಹಿಡಿದಂತಾಗುವುದು, ಒಣಕೆಮ್ಮು, ದೀರ್ಘವಾಗಿ ಉಸಿರೆಳೆದರೆ ನೋವು — ಇವುಗಳ ಮೂಲ ಬೇರೆ. ಉತ್ಕರ್ಷಣದಿಂದ ಬಿಡುಗಡೆಯಾದ ಅರಾಕಿಡೋನಿಕ್ ಆಮ್ಲದಿಂದ ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಇ2 ಶ್ವಾಸಮಾರ್ಗದ ನರತುದಿಗಳನ್ನು ಕೆರಳಿಸುತ್ತದೆ. ದೇಹ ತಾನಾಗಿಯೇ ಉಸಿರನ್ನು ಮೊಟಕುಗೊಳಿಸುತ್ತದೆ. ಸತತವಾಗಿ ಕೆಲವು ದಿನ ಒಡ್ಡಿಕೊಂಡರೆ ಈ ಲಕ್ಷಣಗಳು ಮರೆಯಾಗುತ್ತವೆ, ಶ್ವಾಸಕೋಶದ ಗಾಯ ಮಾತ್ರ ನಿಲ್ಲುವುದಿಲ್ಲ. ದಿನವೂ ರಸ್ತೆಯಲ್ಲಿರುವವರು ‘ಅಭ್ಯಾಸವಾಗಿದೆ’ ಎನ್ನುವುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು.

ಆರೋಗ್ಯದ ಮೇಲಿನ ಪರಿಣಾಮ

ಅಲ್ಪಾವಧಿಯಲ್ಲಿ ಆಸ್ತಮಾ ಉಲ್ಬಣಿಸುತ್ತದೆ, ಆಸ್ಪತ್ರೆ ಸೇರುವವರು ಹೆಚ್ಚುತ್ತಾರೆ. ಅಮೆರಿಕದ 95 ನಗರಗಳ ದತ್ತಾಂಶ ಆಧರಿಸಿದ 2004ರ ಅಧ್ಯಯನದಲ್ಲಿ, ಹಿಂದಿನ ವಾರದ ಓಝೋನ್ 10 ಪಿಪಿಬಿ ಹೆಚ್ಚಿದ್ದಾಗ ದಿನದ ಮರಣ ಶೇ. 0.52ರಷ್ಟು ಏರಿದ್ದು ಕಂಡುಬಂತು. ದಕ್ಷಿಣ ಕ್ಯಾಲಿಫೋರ್ನಿಯದ ಓಝೋನ್ ಹೆಚ್ಚಿರುವ ಊರುಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಆಟಗಳಲ್ಲಿ ತೊಡಗಿದ್ದ ಮಕ್ಕಳಲ್ಲಿ, ಆಡದ ಮಕ್ಕಳಿಗಿಂತ ಹೊಸದಾಗಿ ಆಸ್ತಮಾ ಬರುವ ಸಂಭವ ಮೂರು ಪಟ್ಟಿಗಿಂತ ಹೆಚ್ಚಿತ್ತೆಂದು 2002ರಲ್ಲಿ ಪ್ರಕಟವಾಯಿತು. ದೀರ್ಘಾವಧಿಯ ಮುಖ್ಯ ಪರಿಣಾಮ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಾಯಂ ಕಿರಿದಾಗುವ ರೋಗ. ಜಾಗತಿಕ ರೋಗಭಾರದ ಅಂದಾಜಿನಂತೆ 2021ರಲ್ಲಿ ಓಝೋನ್‌ಸಂಬಂಧಿ ಸಿಒಪಿಡಿಯಿಂದ ಸತ್ತವರು ಸುಮಾರು 4.9 ಲಕ್ಷ; ಅದರಲ್ಲಿ ಅರ್ಧದ ಹತ್ತಿರ ಭಾರತದವರು. ಇವು ಮಾದರಿಗಳಿಂದ ತೆಗೆದ ಅಂಕಿಗಳೇ ಹೊರತು ಮರಣಪತ್ರಗಳ ಎಣಿಕೆಯಲ್ಲ.

ಮಕ್ಕಳು, ವೃದ್ಧರು, ಆಸ್ತಮಾ ಇರುವವರು ಮತ್ತು ಹೊರಾಂಗಣದಲ್ಲಿ ಶ್ರಮದ ಕೆಲಸ ಮಾಡುವವರು ಹೆಚ್ಚು ಅಪಾಯದಲ್ಲಿದ್ದಾರೆ. ಶ್ರಮದಲ್ಲಿ ನಿಮಿಷಕ್ಕೆ ಒಳಹೋಗುವ ಗಾಳಿ ಹಲವು ಪಟ್ಟಾಗುತ್ತದೆ, ಉಸಿರಾಟ ಮೂಗಿನಿಂದ ಬಾಯಿಗೆ ಬದಲಾಗುತ್ತದೆ. ಆಕ್ಸಿಜನ್-18 ಗುರುತು ಹಾಕಿದ ಓಝೋನ್ ಬಳಸಿ 1994ರಲ್ಲಿ ನಡೆದ ಪ್ರಯೋಗದಲ್ಲಿ, ವ್ಯಾಯಾಮ ಮಾಡುತ್ತಿದ್ದ ಮನುಷ್ಯರ ಶ್ವಾಸಕೋಶಕ್ಕೆ ಸೇರಿದ ಓಝೋನ್ ಅದೇ ಗಾಳಿಯಲ್ಲಿ ಸುಮ್ಮನೆ ಕೂತಿದ್ದ ಇಲಿಗಳಿಗಿಂತ ನಾಲ್ಕೈದು ಪಟ್ಟು ಹೆಚ್ಚಿತ್ತು. ಇಲಿ ತನ್ನ ದೇಹದಲ್ಲೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತದೆ, ಮನುಷ್ಯನಿಗೆ ಆ ಶಕ್ತಿಯಿಲ್ಲ. ಇಲಿಗಳ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸುವಾಗ ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಆಹಾರ ಮತ್ತು ಉತ್ಕರ್ಷಣರೋಧಕಗಳು

1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆ ಹಿಮಾಯತ್‌ನಗರದಿಂದ ಕೆಲವೇ ಕಿಲೋಮೀಟರ್ ದೂರದ ತಾರ್ನಾಕಾದಲ್ಲಿದೆ. ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿಗಳು ಈ ಸಂಸ್ಥೆಯವು. ಬೆಟ್ಟದ ನೆಲ್ಲಿ, ಸೀಬೆಹಣ್ಣು ವಿಟಮಿನ್ ಸಿಯ ಸಮೃದ್ಧ ಆಕರಗಳು. ಓಝೋನಿನ ವಿರುದ್ಧ ವಿಟಮಿನ್ನುಗಳು ಎಷ್ಟು ಕಾಯುತ್ತವೆ ಎಂಬ ಬಗ್ಗೆ ಸಿಕ್ಕಿರುವ ಉತ್ತರ ಮಿತವಾದದ್ದು. ಮೆಕ್ಸಿಕೊ ನಗರದ ಆಸ್ತಮಾ ಮಕ್ಕಳಲ್ಲಿ ವಿಟಮಿನ್ ಸಿ ಮತ್ತು ಇ ಕೊಟ್ಟಾಗ ಓಝೋನಿನಿಂದಾಗುವ ಶ್ವಾಸಶಕ್ತಿಯ ಇಳಿಕೆ ಕಡಿಮೆಯಾಯಿತು. ಜಿಎಸ್‌ಟಿಎಂ1 ಇಲ್ಲದ ಮಕ್ಕಳಿಗೆ ಲಾಭ ಹೆಚ್ಚು ಕಂಡಿತು. ಆರೋಗ್ಯವಂತ ವಯಸ್ಕರ 2001ರ ಅಧ್ಯಯನದಲ್ಲಿ ಶ್ವಾಸಶಕ್ತಿ ಭಾಗಶಃ ಉಳಿಯಿತಾದರೂ ಉರಿಯೂತ ತಗ್ಗಲಿಲ್ಲ. ಮಾತ್ರೆ ನುಂಗುವುದರಿಂದ ಮಾಲಿನ್ಯವನ್ನು ಎದುರಿಸಬಹುದೆಂಬ ಜಾಹೀರಾತಿಗೆ ಇಷ್ಟರಿಂದ ಬಲ ಸಿಗುವುದಿಲ್ಲ.

ಮಾಪನ

ಗಾಳಿಯ ಓಝೋನನ್ನು ನೇರಳಾತೀತ ಪ್ರಕಾಶಮಾಪನದಿಂದ ಅಳೆಯುತ್ತಾರೆ. ಪಾದರಸದ ದೀಪದ 253.7 ನ್ಯಾನೊಮೀಟರ್ ಬೆಳಕನ್ನು ಓಝೋನ್ ಹೀರುವ ಪ್ರಮಾಣವೇ ಅದರ ಸಾಂದ್ರತೆಯ ಲೆಕ್ಕ. ದೇಹದೊಳಗಿನ ಉತ್ಕರ್ಷಣ ಒತ್ತಡಕ್ಕೆ ಒಂದೇ ಅಳತೆಗೋಲಿಲ್ಲ. ಉಸಿರನ್ನು ತಂಪಾಗಿಸಿ ಸಂಗ್ರಹಿಸಿದ ದ್ರವದಲ್ಲಿ 8-ಐಸೊಪ್ರೊಸ್ಟೇನ್, ರಕ್ತದಲ್ಲಿ ಮ್ಯಾಲನ್‌ಡೈಆಲ್ಡಿಹೈಡ್, ಮೂತ್ರದಲ್ಲಿ 8-ಆಕ್ಸೋಗ್ವಾನಿನ್‌ನ ರೂಪಗಳು, ಗ್ಲುಟಾಥಯೋನಿನ ಅಪಕರ್ಷಿತ ಮತ್ತು ಉತ್ಕರ್ಷಿತ ರೂಪಗಳ ಅನುಪಾತ — ಇವು ಬಳಕೆಯಲ್ಲಿರುವ ಸೂಚಕಗಳು. ಧೂಮಪಾನ, ಸೋಂಕು, ಸೂಕ್ಷ್ಮ ಧೂಳು ಕೂಡ ಇವನ್ನು ಏರಿಸುವುದರಿಂದ ಓಝೋನಿನ ಪಾಲನ್ನು ಮಾತ್ರ ಪ್ರತ್ಯೇಕಿಸುವುದು ಕಷ್ಟ.

ಒಳಾಂಗಣ ಮೂಲಗಳು ಮತ್ತು ಬಳಕೆ

ಮನೆಯೊಳಗಿನ ಓಝೋನ್ ಬಹುತೇಕ ಹೊರಗಿನಿಂದ ಬಂದದ್ದು. ಗೋಡೆ, ಬಟ್ಟೆ, ಚರ್ಮದ ಎಣ್ಣೆಯೊಂದಿಗೆ ವರ್ತಿಸಿ ಬೇಗ ಕುಂದುತ್ತದೆ. ಹಳೆಯ ಜೆರಾಕ್ಸ್ ಯಂತ್ರಗಳು ಮತ್ತು ಲೇಸರ್ ಪ್ರಿಂಟರುಗಳು ಅಧಿಕ ವೋಲ್ಟೇಜಿನ ವಿದ್ಯುತ್ ವಿಸರ್ಜನೆಯಿಂದ ಓಝೋನ್ ಉತ್ಪಾದಿಸುತ್ತವೆ. ಕಾಲೇಜು, ಕೋಚಿಂಗ್ ಕೇಂದ್ರಗಳ ಸುತ್ತಲಿನ ಇಕ್ಕಟ್ಟಾದ ಜೆರಾಕ್ಸ್ ಅಂಗಡಿಗಳಲ್ಲಿ ಕಿಟಕಿ ಇಲ್ಲವೆಂದರೆ ಅದು ಶೇಖರವಾಗಬಲ್ಲದು. ಗಾಳಿ ಶುದ್ಧೀಕರಣಕ್ಕೆಂದು ಮಾರುವ ಓಝೋನ್ ಉತ್ಪಾದಕ ಯಂತ್ರಗಳು ಉಸಿರಾಡುವವರಿರುವ ಕೋಣೆಗೆ ಸಲ್ಲವು. ನೀರಿನ ಸೋಂಕು ನಿವಾರಣೆಯಲ್ಲಿ ಓಝೋನಿನ ಬಳಕೆ ಇಪ್ಪತ್ತನೆಯ ಶತಮಾನದ ಆರಂಭದಿಂದ ಇದೆ. ಬಾಟಲಿ ನೀರಿನ ಘಟಕಗಳಲ್ಲೂ ಸಾಮಾನ್ಯ. ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ‘ಓಝೋನ್ ಥೆರಪಿ’ಯ ವಿಷಯದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮ ಓಝೋನನ್ನು ಉಪಯುಕ್ತ ವೈದ್ಯಕೀಯ ಪ್ರಯೋಜನವಿಲ್ಲದ ವಿಷಾನಿಲವೆಂದು ವರ್ಗೀಕರಿಸಿದೆ.

ಮಾನದಂಡ ಮತ್ತು ಇಂದಿನ ಸ್ಥಿತಿ

2009ರ ನವೆಂಬರಿನಲ್ಲಿ ಪ್ರಕಟವಾದ ಭಾರತದ ರಾಷ್ಟ್ರೀಯ ಮಾನದಂಡದ ಪ್ರಕಾರ ಓಝೋನ್ ಎಂಟು ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಒಂದು ಗಂಟೆಯ ಸರಾಸರಿಯಲ್ಲಿ 180 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಎಂಟು ಗಂಟೆಗೆ ಅದೇ 100ನ್ನು ಇರಿಸಿಕೊಂಡು, ಓಝೋನ್ ಹೆಚ್ಚಿರುವ ಆರು ತಿಂಗಳ ಅವಧಿಯ ಸರಾಸರಿಗೆ 60 ಮೈಕ್ರೋಗ್ರಾಮಿನ ಹೊಸ ಮಿತಿ ಸೇರಿಸಿತು. ಭಾರತದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಓಝೋನ್ ಎಂಟು ಮಾಲಿನ್ಯಕಾರಕಗಳಲ್ಲೊಂದು. ಆದರೆ ಸೂಚ್ಯಂಕ ಅತಿ ಕೆಟ್ಟ ಒಂದೇ ಮಾಲಿನ್ಯಕಾರಕದ ಅಂಕಿಯನ್ನು ತೋರಿಸುವುದರಿಂದ ಧೂಳು ಹೆಚ್ಚಿರುವ ದಿನ ಓಝೋನ್ ಮರೆಯಲ್ಲಿ ಉಳಿಯುತ್ತದೆ.

ಮೂಲವಸ್ತುಗಳನ್ನು ತಗ್ಗಿಸುವ ಕ್ರಮಗಳಲ್ಲಿ 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಬಿಎಸ್-6 ಇಂಧನ ಮತ್ತು ವಾಹನ ಮಾನದಂಡ ದೊಡ್ಡದು. ಹೈದರಾಬಾದ್ ಮೆಟ್ರೊ 2017ರ ನವೆಂಬರಿನಲ್ಲಿ ಆರಂಭವಾಯಿತು. ಹಿಮಾಯತ್‌ನಗರಕ್ಕೆ ಹತ್ತಿರದ ನಾರಾಯಣಗುಡ ನಿಲ್ದಾಣವಿರುವ ಜುಬಿಲಿ ಬಸ್ ನಿಲ್ದಾಣ–ಮಹಾತ್ಮ ಗಾಂಧಿ ಬಸ್ ನಿಲ್ದಾಣ (ಎಂಜಿಬಿಎಸ್) ಮಾರ್ಗ 2020ರ ಫೆಬ್ರವರಿ 7ರಂದು ತೆರೆಯಿತು. ನಗರದೊಳಗೆ ವಾಹನ ಕಡಿಮೆ ಮಾಡಿದರೆ ಆಸ್ತಮಾ ಇಳಿಯುತ್ತದೆಯೇ ಎಂಬುದಕ್ಕೆ ಹೆಚ್ಚಾಗಿ ಉದಾಹರಿಸುವುದು 1996ರ ಅಟ್ಲಾಂಟ ಒಲಿಂಪಿಕ್ಸ್. ಆಗ ವಾಹನ ಸಂಚಾರ ತಗ್ಗಿಸಿದಾಗ ಓಝೋನಿನ ಗರಿಷ್ಠ ಮಟ್ಟ ಶೇ. 28ರಷ್ಟು ತಗ್ಗಿತು, ಮಕ್ಕಳ ತುರ್ತು ಆಸ್ತಮಾ ಪ್ರಕರಣಗಳೂ ಇಳಿದವು. ಅದೇ ದಿನಗಳಲ್ಲಿ ಸುತ್ತಲಿನ ಊರುಗಳಲ್ಲೂ ಓಝೋನ್ ತಗ್ಗಿದ್ದನ್ನು ಅನಂತರದ ಮರುವಿಶ್ಲೇಷಣೆ ತೋರಿಸಿ, ಆ ತೀರ್ಮಾನವನ್ನು ದುರ್ಬಲಗೊಳಿಸಿತು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಹೈದರಾಬಾದೂ ಬೆಂಗಳೂರೂ ಇವೆ. ಅದರ ಗುರಿ ನಿಗದಿಯಾಗಿರುವುದು ಗಾಳಿಯ ಧೂಳುಕಣಗಳಿಗೆ. ಓಝೋನಿಗೆ ಪ್ರತ್ಯೇಕ ಗುರಿ ಇಲ್ಲ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2024ರಲ್ಲಿ ಹತ್ತು ಮಹಾನಗರ ಪ್ರದೇಶಗಳ ಓಝೋನ್ ದತ್ತಾಂಶವನ್ನು ವಿಶ್ಲೇಷಿಸಿ, ಹೈದರಾಬಾದ್ ಮತ್ತು ಬೆಂಗಳೂರು ಸೇರಿದಂತೆ ಹತ್ತರಲ್ಲೂ ಮಿತಿ ಮೀರಿದ ದಿನಗಳನ್ನು ಗುರುತಿಸಿತು.